ಫಿನ್‌ಲ್ಯಾಂಡಿಗೆ ಹೋದ ನನ್ನ ಒಲೆ

ಪಾರು, ಶರಣು, "ಅಜ್ಜಿ, ವಿಮಾನದ ಕಥೆ ಹೇಳು" ಎಂದು ನೀವಿಬ್ಬರೂ ಎಷ್ಟು ಸಲ ಕೇಳಿದ್ದೀರಿ. ಹೇಳೋಣವೆಂದು ಬಾಯಿ ತೆಗೆದರೆ ನಿಮ್ಮಪ್ಪ ಬಂದು ಕೂರುತ್ತಾರೆ, ಪಕ್ಕದ ಮನೆಯವರು ಬರುತ್ತಾರೆ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ. ನಾಲ್ಕು ಜನ ನೋಡಿದರೆ ನನ್ನ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಸಿರಿಗೇರಿಯ ಶಾಲೆಯಲ್ಲಿ ಓದುವಾಗಲೂ ಹಾಗೇ. ಮಾಸ್ತರರು ಎಬ್ಬಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಇದೂ ಹಾಗೆಯೇ ಅಂದುಕೊಳ್ಳಿ. ಬರೆದು ತೋರಿಸುತ್ತಿದ್ದೇನೆ.

ಕುರುಗೋಡು, ಹಿತ್ತಲು

ಎಲ್ಲಾ ಶುರುವಾದದ್ದು ನನ್ನ ಒಲೆಯಿಂದ. ಮನೆಯಲ್ಲಿ ಗ್ಯಾಸಿದೆ, ಚಹಾ ಸಾರು ಎಲ್ಲಾ ಅದರ ಮೇಲೆಯೇ. ರೊಟ್ಟಿ ಮಾತ್ರ ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ. ಆ ಕೋಣೆಗೆ ಬಲ್ಬೂ ಇದೆ. ಆದರೆ ನಾನು ಹಿಟ್ಟು ನಾದಲು ಕೂತದ್ದು ಕರೆಂಟಿನವರಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ, ಆಗಲೇ ತೆಗೆಯುತ್ತಾರೆ.

ನಿಮ್ಮವ್ವ ಗಿರಿಜಾ ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಒಂದು ಭಾನುವಾರ ಬಂದು ಒಲೆಯ ಬದಿಗೆ ಕಬ್ಬಿಣದ ತಗಡು ಕೂರಿಸಿದಳು. ಅದಕ್ಕೆ ಬಿಸ್ಕತ್ತಿನಷ್ಟು ಅಗಲದ ಒಂದು ಬಿಳಿ ಬಿಲ್ಲೆ ಒತ್ತಿ ಕಟ್ಟಿದಳು. ಬಿಲ್ಲೆಯ ಹೊರಮೈಗೆ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಂತ ಅಲ್ಯೂಮಿನಿಯಂ ಪಟ್ಟಿಗಳು. ಅಲ್ಲಿಂದ ಎರಡು ತಂತಿ, ತಂತಿಯ ತುದಿಗೆ ಪುಟ್ಟ ದೀಪ. ಒಲೆ ಹೊತ್ತಿ ಸ್ವಲ್ಪ ಹೊತ್ತಿಗೆ ದೀಪವೂ ಹೊತ್ತಿತು.

"ಇದರಾಗ ಎಣ್ಣಿ ಎಲ್ಲೈತಿ?" ಎಂದೆ.

"ಎಣ್ಣಿ ಇಲ್ಲ, ಬ್ಯಾಟರಿ ಇಲ್ಲ ಅವ್ವ. ಬಿಲ್ಲಿ ಒಂದು ಕಡಿ ಸುಡಬೇಕು, ಇನ್ನೊಂದು ಕಡಿ ತಣ್ಣಗಿರಬೇಕು. ಎರಡರ ನಡುವ ಎಷ್ಟು ಫರಕು ಇರತೈತೋ ಅಷ್ಟು ಕರೆಂಟು."

ನನಗೆ ತಟ್ಟನೆ ಅರ್ಥವಾಯಿತು. ನಮ್ಮತ್ತೆ ಬೆಂಕಿ, ನಾನು ಮಡಕೆಯ ನೀರು. ಇಬ್ಬರೂ ಒಂದೇ ತರ ಇದ್ದಿದ್ದರೆ ಈ ಮನೆ ನಡೆಯುತ್ತಿರಲಿಲ್ಲ.

ಇಂಥ ಬಿಲ್ಲೆಗೆ ಬೇರೆ ಕೆಲಸವೂ ಇದೆಯಂತೆ. ಲೇಸರ್ ದೀಪವನ್ನು ಸಾಸಿವೆ ಕಾಳಿನಷ್ಟು ಮಾಡಿ ಒಂದು ಪುಟ್ಟ ಲೋಹದ ಡಬ್ಬಿಯಲ್ಲಿ ಮುಚ್ಚಿಡುತ್ತಾರಂತೆ. ಅದು ಕಾದು ಕೆಡದಂತೆ ಕೆಳಗೆ ಇಂಥ ಬಿಲ್ಲೆ ಇಟ್ಟು ಕರೆಂಟು ಕೊಟ್ಟರೆ ಬಿಲ್ಲೆ ಅದನ್ನು ತಣ್ಣಗಿಡುತ್ತದೆ. ಗಿರಿಜಾ ಮೊದಲು ಓದಿದ್ದೆಲ್ಲ ಆ ಡಬ್ಬಿಗಳ ವಿಷಯವೇ. ಆಮೇಲೆ ಅವಳಿಗೆ ಇದನ್ನು ತಿರುಗಿಸಿ ಮಾಡುವ ಹುಚ್ಚು ಹಿಡಿಯಿತು. ಅಲ್ಲಿ ಕರೆಂಟು ಕೊಟ್ಟು ತಂಪು ತೆಗೆಯುತ್ತಾರೆ, ಇಲ್ಲಿ ಬಿಸಿ ಕೊಟ್ಟು ಕರೆಂಟು ತೆಗೆಯುವುದು.

ಅಮಾವಾಸ್ಯೆ ಬಂತು. ನನ್ನ ಮೈದುನನ ಹೆಂಡತಿ ಬಸಮ್ಮ, ನಾವೆಲ್ಲ ಒಂದೇ ಮನೆಯಲ್ಲಿರುವವರು, "ಅಕ್ಕಾ, ಒಲಿ ಸಾರಿಸ್ಲಿಲ್ಲೇನು?" ಎಂದಳು. ಸೆಗಣಿ, ಕೆಮ್ಮಣ್ಣು ಕಲಸಿ ಒಲೆಯನ್ನೆಲ್ಲಾ ಸಾರಿಸಿದೆ. ಹೊಸ ಯಂತ್ರವನ್ನೇ ಬಿಟ್ಟರೆ ಹೇಗೆ? ಬಾಚಣಿಗೆಯ ಹಲ್ಲುಗಳ ಸಂದಿಗೂ ಮಣ್ಣು ತುಂಬಿ, ಗೋಡೆಯಂತೆ ನುಣ್ಣಗೆ ಮಾಡಿ, ಮೇಲೆ ಮೂರು ಎಳೆ ವಿಭೂತಿ ಹಚ್ಚಿದೆ. ಕಣ್ಣಿಗೆ ಹಬ್ಬವಾಗಿತ್ತು. ಸಂಜೆ ದೀಪ ಹೊತ್ತಲಿಲ್ಲ.

ಗಿರಿಜಾ ಬಳ್ಳಾರಿಯಿಂದ ಓಡಿ ಬಂದಳು. ತಂತಿ ನೋಡಿದಳು, ದೀಪ ನೋಡಿದಳು, ಕೊನೆಗೆ ಬಾಚಣಿಗೆ ಹುಡುಕಿದಳು, ಕಾಣಲಿಲ್ಲ.

"ಅವ್ವಾ! ಈ ಸಂದಿಯಾಗ ಗಾಳಿ ಆಡಬೇಕು! ನೀ ಅದರ ಮೂಗು ಮುಚ್ಚೀದಿ!"

"ಸ್ವಚ್ಛ ಮಾಡೀನಿ" ಎಂದೆ.

ತಾಯಿ ಮಗಳು ಇಬ್ಬರೂ ಕೂತು ಕಡ್ಡಿಯಿಂದ ಕೆರೆದೆವು. ದೀಪ ಬಂತು. ಆದರೆ ಚಳಿಗಾಲದಲ್ಲಿ ಚೆನ್ನಾಗಿ ಉರಿದ ಆ ದೀಪ ಬೇಸಿಗೆ ಏರಿದಂತೆ ಮಂಕಾಯಿತು. ಏಪ್ರಿಲ್‌ನಲ್ಲಿ ಬರೀ ಮಿಣುಕು ಹುಳ. ತಣ್ಣಗಿರಬೇಕಾದ ಕಡೆಯೇ ನಮ್ಮೂರಲ್ಲಿ ಸುಡುತ್ತಿದ್ದರೆ ಫರಕು ಎಲ್ಲಿಂದ ಬರಬೇಕು?

ಮುಂದಿನ ಚಳಿಗಾಲಕ್ಕೆ ಫಿನ್‌ಲ್ಯಾಂಡಿನ ಒಂದು ಸಂಸ್ಥೆಯಿಂದ ಗಿರಿಜಾಳಿಗೆ ಕರೆ ಬಂತು. ಅವರು ಇಂಥ ಹೊಸ ಯಂತ್ರಗಳನ್ನು ಕರೆಸಿ ನೋಡುತ್ತಾರೆ. ಒಪ್ಪಿದರೆ ಬಿಲ್ಲೆಗಳನ್ನು ತಾವೇ ಮಾಡಿಸಿಕೊಟ್ಟು ಸಿರುಗುಪ್ಪ, ಕುರುಗೋಡು ಕಡೆಯ ಅಡುಗೆ ಮನೆಗಳಿಗೆ ಹಾಕಿಸುತ್ತಾರೆ. ಒಪ್ಪದಿದ್ದರೆ ಲೋಕದಲ್ಲಿ ಆ ಯಂತ್ರ ಒಂದೇ ಒಂದು, ಅದೂ ನನ್ನ ಹಿತ್ತಲಲ್ಲಿ. ಎಷ್ಟು ಭಾನುವಾರ ನಿಮ್ಮವ್ವ ನಿಮ್ಮನ್ನು ಬಿಟ್ಟು ಇಲ್ಲಿ ಹೊಗೆ ಕುಡಿದಿದ್ದಾಳೆಂದು ನಿಮಗೂ ಗೊತ್ತು. ಅವರದ್ದೊಂದು ಷರತ್ತಿತ್ತು: ಯಂತ್ರವನ್ನು ಬಳಸುವವರೂ ಬರಬೇಕು.

"ನೀ ಏನೂ ಮಾತಾಡೂದು ಬ್ಯಾಡವ್ವ. ರೊಟ್ಟಿ ಬಡಿ, ಸಾಕು" ಎಂದಳು ಗಿರಿಜಾ.

ಮಾತಾಡಬೇಕಿಲ್ಲ ಎಂದರೆ ನಾನು ಚಂದ್ರನ ಮೇಲಕ್ಕೂ ಹೋಗುತ್ತೇನೆ.

ಬಳ್ಳಾರಿ, ಬ್ರೂಸ್‌ಪೇಟೆ

ಅಲ್ಲಿ ಮೊಣಕಾಲುದ್ದ ಹಿಮ ಬಿದ್ದಿದೆ, ಸ್ವೆಟರ್ ಬೇಕು ಎಂದಳು ಗಿರಿಜಾ. ಬ್ರೂಸ್‌ಪೇಟೆಯ ಅಂಗಡಿ ಅಂಗಡಿ ಅಲೆದೆವು. ಕೇಳಿದವರೆಲ್ಲ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಒಬ್ಬ ಅಂಗಡಿಯಾತ ಮಾತ್ರ ದನಿ ತಗ್ಗಿಸಿ, "ಯಾರಿಗಮ್ಮ ಆರಾಮಿಲ್ಲ?" ಎಂದು ಕೇಳಿದ.

"ಎಲ್ಲಾರೂ ಆರಾಮ ಅದೀವ್ರಿ. ಹಾಕ್ಕೊಳ್ಳಾಕ" ಎಂದಳು ಗಿರಿಜಾ.

"ಬಳ್ಳಾರಿಯಾಗ?"

ಹಿಮದ ದೇಶಕ್ಕೆ ಎಂದು ಗಿರಿಜಾ ಹೇಳಿದ ಮೇಲೆ ಅಟ್ಟ ಹತ್ತಿ ಒಂದು ಗಂಟು ಇಳಿಸಿದ. ನುಸಿ ಗುಳಿಗೆಯ ವಾಸನೆ ಬೀದಿಯವರೆಗೂ ಹೋಯಿತು. ಕಂದು ಬಣ್ಣದ ಸ್ವೆಟರು, ಜೊತೆಗೆ ಕಣ್ಣು ಮೂಗು ಮಾತ್ರ ಕಾಣುವ ಟೋಪಿ. ಅಲ್ಲೇ ಹಾಕಿ ನೋಡಬೇಕೆಂದ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹಾಕಿಕೊಂಡು ತಿರುಗಿದರೆ ಬಾಗಿಲಲ್ಲಿ ತಳ್ಳುಗಾಡಿಯವರು, ಮೂಟೆ ಹೊರುವವರು, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದವರು ಎಲ್ಲಾ ನಿಂತಿದ್ದಾರೆ. ಟೋಪಿ ಇದ್ದದ್ದು ಒಳ್ಳೆಯದಾಯಿತು, ನಾನು ಯಾರೆಂದು ಗೊತ್ತಾಗಲಿಲ್ಲ.

"ಹೆಂಗೈತಿ?" ಎಂದೆ ಒಳಗಿನಿಂದ.

"ಕರಡಿ ಇದ್ದಂಗ ಅದೀ" ಎಂದಳು ಹೆತ್ತ ಮಗಳು.

"ಈ ಕರಡಿಗೆ ಅಲ್ಲಿ ಮರ್ಯಾದಿ ಐತ್ರಿ" ಎಂದು ಅಂಗಡಿಯಾತ ಸ್ವೆಟರನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಹೈದರಾಬಾದ್, ವಿಮಾನ ನಿಲ್ದಾಣ

ಮಣ್ಣಿನ ಒಲೆ ವಿಮಾನ ಹತ್ತುವುದಿಲ್ಲವೆಂದು ಗಿರಿಜಾ ಒಂದು ಪುಟ್ಟ ಕಬ್ಬಿಣದ ಒಲೆ ಮಾಡಿಸಿದ್ದಳು. ಅದು, ಬಿಲ್ಲೆ, ತಂತಿ, ಹಂಚು, ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ನನ್ನ ವಿಭೂತಿ ಗಟ್ಟಿ ಎಲ್ಲಾ ಒಂದೇ ಪೆಟ್ಟಿಗೆಯಲ್ಲಿ. ತಪಾಸಣೆಯ ಟೀವಿಯಲ್ಲಿ ಆ ಪೆಟ್ಟಿಗೆ ಹೇಗೆ ಕಂಡಿತೋ, ಇಬ್ಬರು ನೋಡುತ್ತಿದ್ದವರು ಐವರಾದರು. ಅಷ್ಟರಲ್ಲಿ ಗಿರಿಜಾ ಕಾಗದ ತೋರಿಸಲು ಬೇರೆ ಸಾಲಿಗೆ ಹೋಗಿದ್ದಳು.

ಅಧಿಕಾರಿ ಇದೇನೆಂದು ತೆಲುಗಿನಲ್ಲಿ ಕೇಳಿದ, "ಏಮಿಟಮ್ಮಾ ಇದಿ?"

ತೆಲುಗು ನಮಗೆ ಹೊಸತೇ? ಮನೆ ಬಾಗಿಲಿಗೆ ಬಳೆ ಮಾರುವವಳೂ ಅದೇ ಮಾತಾಡುತ್ತಾಳೆ. "ಪೊಯ್ಯಿ" ಎಂದೆ. ಒಲೆ ಅಂತ.

"ಪೊಯ್ಯಾ? ವಿಮಾನದಲ್ಲಿ ಅಡುಗೆ ಮಾಡುತ್ತೀಯಾ?"

ಇಲ್ಲವೆಂದು ತಲೆಯಾಡಿಸಿದೆ. ಬಿಳಿ ಗಟ್ಟಿ ಎತ್ತಿ ಹಿಡಿದು ಇದೇನೆಂದ. ಹಣೆ ತೋರಿಸಿದೆ. ಅವನು ನನ್ನ ಹಣೆ ನೋಡಿದ, ಗಟ್ಟಿ ನೋಡಿದ, ಮೂಸಿದ, ತಾನೂ ಒಂದು ಎಳೆ ಹಚ್ಚಿಕೊಂಡು ಪೆಟ್ಟಿಗೆ ಮುಚ್ಚಿದ.

ಮಾತಾಡದವರ ಊರು

ನಾವು ಇಳಿದದ್ದು ಸರೋವರದ ದಂಡೆಯ ಒಂದು ಊರು. ಸರೋವರ ಕಲ್ಲಾಗಿತ್ತು, ಅದರ ಮೇಲೆ ಜನ ನಡೆದಾಡುತ್ತಿದ್ದರು. ನಾನು ತುಂಗಭದ್ರಾ ಕಾಲುವೆ ನೋಡಿ ಬೆಳೆದವಳು. ನೀರು ನಿಂತದ್ದು ನೋಡಿದ್ದೇನೆ, ಬತ್ತಿದ್ದು ನೋಡಿದ್ದೇನೆ, ಅದರ ಮೇಲೆ ಸೈಕಲ್ ಹೋಗುವುದನ್ನು ನೋಡಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಜನ ಒಬ್ಬರಿಂದೊಬ್ಬರು ಎಮ್ಮೆ ಕಟ್ಟುವಷ್ಟು ದೂರದಲ್ಲಿ ನಿಂತಿದ್ದರು. ಜಗಳವೇನೋ ಅಂದುಕೊಂಡೆ. ಬಸ್ ಬಂತು, ಒಬ್ಬೊಬ್ಬರಾಗಿ ಹತ್ತಿದರು, ಪಕ್ಕದ ಸೀಟು ಖಾಲಿ ಬಿಟ್ಟು ಕೂತರು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿಲ್ಲ, ಮಗುವನ್ನು ಒಳಗೆ ದಾಟಿಸುವವರಿಲ್ಲ. ನಮ್ಮ ಸಿರುಗುಪ್ಪ ಬಸ್ಸಿನಲ್ಲಿ ಕೂತರೆ ತೆಕ್ಕಲಕೋಟೆ ಬರುವಷ್ಟರಲ್ಲಿ ಪಕ್ಕದವಳು ನನ್ನ ತವರು ಯಾವುದು, ಗಂಡ ಹೇಗೆ ಹೋದರು, ಮಂಡಿ ನೋವಿಗೆ ಏನು ಹಚ್ಚುತ್ತೇನೆ ಎಲ್ಲಾ ಕೇಳಿ ಮುಗಿಸಿ, ಇಳಿಯುವಾಗ ತನ್ನ ಚೀಲವನ್ನೂ ನನ್ನ ಕೈಗೆ ಕೊಟ್ಟಿರುತ್ತಾಳೆ. ಇಲ್ಲಿ ಒಬ್ಬರೂ ಏನೂ ಕೇಳಲಿಲ್ಲ. ನನ್ನ ಎದೆಯ ಮೇಲಿನ ಭಾರ ಇಳಿದಂತಾಯಿತು. ನಾಚಿಕೆಯವರೆಲ್ಲಾ ಸೇರಿ ಒಂದು ದೇಶವನ್ನೇ ಮಾಡಿಕೊಂಡಿದ್ದಾರೆ, ನನಗೆ ಯಾರೂ ಹೇಳಿಯೇ ಇರಲಿಲ್ಲ!

ಸಂಸ್ಥೆಯ ಅತಿಥಿಗೃಹದಲ್ಲಿ ಇಳಿದೆವು. ಸಂಜೆ ಒಬ್ಬ ಹೆಂಗಸು ಬಂದರು, ಹೆಸರು ಐನೊ. ನನ್ನದೇ ವಯಸ್ಸು, ಬಿಳಿ ಗಿಡ್ಡ ಕೂದಲು. ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು, ನಮ್ಮ ಹಾಗೇ. ಕಾಫಿ ಮಾಡಿ ನನಗೊಂದು ಕಪ್ಪು ಕೊಟ್ಟು ಎದುರಿಗೆ ಕೂತರು. ಅವರಿಗೆ ಕನ್ನಡ ಬಾರದು, ನನಗೆ ಅವರ ಮಾತು ಬಾರದು. ಬಂದಿದ್ದರೂ ಇಬ್ಬರೂ ಆಡುತ್ತಿರಲಿಲ್ಲ. ಕಿಟಕಿಯಾಚೆ ಹಿಮ ಬೀಳುವುದನ್ನು ನೋಡುತ್ತಾ ಕಾಫಿ ಮುಗಿಸಿದೆವು. ಹೋಗುವಾಗ ನನ್ನ ಕೈ ಒತ್ತಿದರು. ಅಷ್ಟು ಚೆನ್ನಾಗಿ ನಾನು ಯಾರ ಜೊತೆಗೂ ಮಾತಾಡಿರಲಿಲ್ಲ.

"ಚಲೋ ಹೆಣ್ಣುಮಗಳು" ಎಂದೆ.

"ಹೂನವ್ವ. ನಾಳೆ ನಮ್ಮ ಯಂತ್ರ ಬೇಕು ಅನ್ನೋರೂ ಅವರ, ಬ್ಯಾಡ ಅನ್ನೋರೂ ಅವರ" ಎಂದಳು ಗಿರಿಜಾ. ನಾನು ಎದ್ದು ಐನೊ ಕುಡಿದ ಕಪ್ಪನ್ನು ಎರಡು ಸಲ ತೊಳೆದಿಟ್ಟೆ.

ಅಂಗಳದ ಮೂಲೆಯಲ್ಲಿ ಮರದ ಒಂದು ಗುಡಿಸಲಿತ್ತು, ಅದರಿಂದ ಹೊಗೆ ಬರುತ್ತಿತ್ತು. ಅದಕ್ಕೆ ಸೌನಾ ಅನ್ನುತ್ತಾರೆ. ಒಳಗೆ ಒಲೆ ಉರಿಸಿ, ಕೋಣೆ ಕಾಯಿಸಿ, ಬೆವರಲೆಂದು ಕೂರುವುದು.

"ಬಟ್ಟಿ?"

"ಬಿಚ್ಚಿ ಕೂಡತಾರ."

"ಎಲ್ಲಾರೂ? ಒಬ್ಬರನ್ನೊಬ್ಬರು ನೋಡಿಕೋತ?"

"ನೋಡಂಗಿಲ್ಲವ್ವ, ಸುಮ್ಮನ ಕೂಡತಾರ."

ಯಾರೂ ಇಲ್ಲದ ಹೊತ್ತು ನೋಡಿ, ಸೀರೆ ಉಟ್ಟೇ ಒಳಗೆ ಹೋದೆ. ಬಾಗಿಲು ತೆರೆದದ್ದೇ ತಡ ಬಳ್ಳಾರಿಯ ಏಪ್ರಿಲ್ ಮುಖಕ್ಕೆ ಬಡಿಯಿತು. ಬಂದಾಗಿನಿಂದ ಮರಗಟ್ಟಿದ್ದ ಮಂಡಿಗಳು ಸಡಿಲಾದವು. ನಾವು ತಪ್ಪಿಸಿಕೊಳ್ಳಲು ಒದ್ದಾಡುವ ಬಿಸಿಯನ್ನು ಈ ಜನ ಪೆಟ್ಟಿಗೆ ಕಟ್ಟಿ, ಕಟ್ಟಿಗೆ ಸುಟ್ಟು ತಯಾರಿಸಿಕೊಳ್ಳುತ್ತಾರೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತಂತೆ ಸುಖವಾಗಿ ಕೂತಿದ್ದೆ.

ಅಂಗಳ

ಮರುದಿನ ಪರೀಕ್ಷೆ. ಕಟ್ಟಡದೊಳಗೆ ಬೆಂಕಿ ಹಚ್ಚುವಂತಿಲ್ಲವೆಂದು ಹೊರಗೆ ಅಂಗಳದಲ್ಲಿ ಹಿಮ ಗುಡಿಸಿ ಜಾಗ ಮಾಡಿಕೊಟ್ಟರು. ಐನೊ ಜೊತೆಗೆ ದಪ್ಪ ಕನ್ನಡಕದ ಒಬ್ಬಾಕೆ, ಟೈ ಕಟ್ಟಿದ ಬೋಳುತಲೆಯ ಒಬ್ಬ ಹಿರಿಯರು. ನಾನು ಕರಡಿಯಾಗಿ ಮಣೆಯ ಮೇಲೆ ಕೂತು ಒಲೆ ಹೊತ್ತಿಸಿದೆ. ತಟ್ಟಿದ ರೊಟ್ಟಿ ಹಂಚಿಗೆ ಬಿತ್ತು. ಅಷ್ಟರಲ್ಲಿ ದೀಪ ಹೊತ್ತಿತು.

ಮಕ್ಕಳೇ, ಅದು ದೀಪವಲ್ಲ, ಲಾರಿಯ ಹೆಡ್‌ಲೈಟು! ಒಂದು ಕಡೆ ಬೆಂಕಿ, ಇನ್ನೊಂದು ಕಡೆ ಹಿಮ. ಆ ಬಿಲ್ಲೆ ಹುಟ್ಟಿದಾಗಿನಿಂದ ಅಷ್ಟು ಫರಕು ಕಂಡಿರಲಿಲ್ಲ. ಬೋಳುತಲೆಯವರು ಚಪ್ಪಾಳೆ ತಟ್ಟಿದರು. ಗಿರಿಜಾಳ ಮುಖ ದೀಪಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

ಐನೊ ಚಪ್ಪಾಳೆ ತಟ್ಟಲಿಲ್ಲ. ಬಂದು ನನ್ನೆದುರು ಕುಕ್ಕುರುಗಾಲಲ್ಲಿ ಕೂತು, ನನ್ನನ್ನೇ ನೋಡಿ ಏನೋ ಕೇಳಿದರು. ಗಿರಿಜಾ ನಿಧಾನವಾಗಿ ಹೇಳಿದಳು, "ನಿಮ್ಮನಿಯಾಗೂ ಹಿಂಗ ಉರಿಯತೈತೇನು ಅಂತ ನಿನ್ನ ಕೇಳಾಕತ್ತಾರ."

ಎಲ್ಲರೂ ನನ್ನ ಮುಖ ನೋಡಿದರು. ಪಾಟಿ ಇರಲಿಲ್ಲ.

"ಇಲ್ಲ. ಇಷ್ಟು ಉರಿಯಂಗಿಲ್ಲ. ಬ್ಯಾಸಗಿಯಾಗ ಮಿಣುಕು ಹುಳ ಆಗತೈತಿ" ಎಂದೆ.

"ಅವ್ವಾ, ಅದನ್ನ ಹೇಳಲೇನು?"

"ಕೇಳ್ಯಾರಲ್ಲ, ಹೇಳು."

"ಹೇಳಿದ್ರ ನಂದು ಗೋವಿಂದ."

"ಹೇಳದಿದ್ರ ನಂದು ಗೋವಿಂದ. ಓಣಿ ಹೆಂಗಸರೆಲ್ಲಾ ನನ್ನ ಹಿಡಕೊಂತಾರ. ದೀಪ ಅಂದಾಕಿ ಹುಳ ತಂದು ಕೊಟ್ಟಾಳ ಅಂತಾರ."

ಗಿರಿಜಾ ದೀಪ ನೋಡಿದಳು, ಐನೊ ಅವರನ್ನು ನೋಡಿದಳು. ಅವಳಿಗೆ ಕಷ್ಟವಾಗುತ್ತಿರುವುದು ಕಂಡು ನನಗೇ ಎಲ್ಲಿಂದಲೋ ಧೈರ್ಯ ಬಂತು. ಎದ್ದು ನಿಂತೆ. ಮಿಣುಕು ಹುಳದ ದೀಪ ಎಲ್ಲಿರುತ್ತದೆಂದು ನಿಮಗೆ ಗೊತ್ತಲ್ಲ. ಹಿಂಬದಿಯ ಆ ಜಾಗಕ್ಕೆ ಕೈ ಇಟ್ಟು, ಮುಷ್ಟಿ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ತೋರಿಸಿದೆ. ಇಡೀ ಜೀವಮಾನದಲ್ಲಿ ಮದುವೆ ಮನೆಯಲ್ಲೂ ನಾಲ್ಕು ಜನರೆದುರು ಕೈ ಎತ್ತಿದವಳಲ್ಲ ನಾನು. ಗಿರಿಜಾ ಕಣ್ಣು ಮುಚ್ಚಿಕೊಂಡಳು. ಆಮೇಲೆ ಕಣ್ಣು ತೆರೆದು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಒಂದು ಅಕ್ಷರ ಬಿಡಲಿಲ್ಲ. ಅದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು.

ಬೇಸಿಗೆಯೆಂದರೆ ಎಷ್ಟು ಬಿಸಿ ಎಂದು ಐನೊ ಕೇಳಿದರು. ನಾನು ಅಂಗಳದ ಮೂಲೆಯ ಗುಡಿಸಲು ತೋರಿಸಿದೆ.

ಮೂವರೂ ಗುಡಿಸಲನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು. ಐನೊ ಏನೋ ಒಂದೇ ಮಾತು ಹೇಳಿದರು.

"ಅವ್ವ, ಅದರೊಳಗ ಹಚ್ಚಿ ನೋಡೂಣು ಅಂತಾರ."

"ಎಲ್ಲಾರೂ ಬಟ್ಟಿ ಹಾಕ್ಕೊಂಡಿದ್ರ ಬರ್ತೀನಿ."

"ಅದನ್ನೂ ಹೇಳಲೇನು?"

"ಅದನ್ನ ಮೊದಲು ಹೇಳು."

ಸೌನಾ

ನನ್ನ ಷರತ್ತನ್ನು ಅವರು ಪಾಲಿಸಿದರು. ಬಾಗಿಲು ತೆರೆದಿಟ್ಟು, ಗೋಡೆಯ ಮೇಲಿನ ಬಿಸಿ ತೋರಿಸುವ ಮುಳ್ಳು ನಮ್ಮ ಏಪ್ರಿಲ್ಲಿಗೆ ಇಳಿಯುವವರೆಗೆ ಕಾದರು. ಗಿರಿಜಾ ಯಂತ್ರವನ್ನು ಅಲ್ಲಿನ ಕಬ್ಬಿಣದ ಒಲೆಯ ಬದಿಗೆ ಕಟ್ಟಿದಳು. ನಾನು ಒಲೆಯ ಮೇಲಿನ ಕಲ್ಲು ಸರಿಸಿ ಹಂಚು ಇಟ್ಟೆ. ಮೂವರೂ ಕೋಟು ಹಾಕಿಕೊಂಡೇ ಒಳಗಿನ ಮರದ ಮೆಟ್ಟಿಲಿನ ಮೇಲೆ ಸಾಲಾಗಿ ಕೂತರು. ಬೋಳುತಲೆಯವರು ಟೈ ಕೂಡ ಸಡಿಲಿಸಲಿಲ್ಲ. ಅವರ ತಲೆಯಿಂದ ಬೆವರು ನಾಲ್ಕು ದಿಕ್ಕಿಗೆ ಇಳಿಯುತ್ತಿತ್ತು.

ದೀಪ ಮೊದಲು ಚೆನ್ನಾಗಿ ಹೊತ್ತಿತು. ಆಮೇಲೆ ಬಾಚಣಿಗೆ ಕಾಯುತ್ತಾ ಬಂದಂತೆ ಮಂಕಾಯಿತು, ಹಳದಿಯಾಯಿತು, ನಮ್ಮ ಕುರುಗೋಡಿನ ಹುಳವಾಯಿತು. ಗಿರಿಜಾ ನೆಲ ನೋಡುತ್ತಾ ನಿಂತಳು.

ಐನೊ ಎದ್ದು ಕೋಣೆಯ ದೊಡ್ಡ ದೀಪ ಆರಿಸಿದರು. ಆ ಊರಲ್ಲಿ ಮಧ್ಯಾಹ್ನ ಮುಗಿಯುವ ಮುಂಚೆಯೇ ಕತ್ತಲೆ. ಉಳಿದದ್ದು ನಮ್ಮ ಹುಳವೊಂದೇ. ಹಂಚಿನ ಮೇಲೆ ರೊಟ್ಟಿಯಿತ್ತು, ಅದಕ್ಕೆ ಪರೀಕ್ಷೆ ಗಿರೀಕ್ಷೆ ತಿಳಿಯುವುದಿಲ್ಲ. ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದೆ, ಅಂಚು ಏಳುವುದನ್ನು ನೋಡಿ ತಿರುವಿ ಹಾಕಿದೆ, ಉಬ್ಬಿತು, ತೆಗೆದೆ.

"ಕಾಣತೈತೇನು ಅಂತಾರ" ಎಂದಳು ಗಿರಿಜಾ, ಸಣ್ಣ ದನಿಯಲ್ಲಿ.

"ಕಾಣತೈತಿ. ರೊಟ್ಟಿ ಕಾಣತೈತಿ, ಕಟ್ಟಿಗಿಯಾಗ ಚೇಳು ಇದ್ರ ಅದೂ ಕಾಣತೈತಿ. ಇನ್ನೊಂಚೂರು ಹೆಚ್ಚು ಮಾಡಿದ್ರ ಚಲೋ."

ಗಿರಿಜಾ ಅದನ್ನು ಹೇಳಿದಳು. ಚೇಳು ಎನ್ನುವಲ್ಲಿಗೆ ಬೋಳುತಲೆಯವರು ಕಾಲೆರಡನ್ನೂ ಮೆಟ್ಟಿಲ ಮೇಲೆ ಎತ್ತಿಕೊಂಡರು.

ಐನೊ ರೊಟ್ಟಿ ಮುರಿದು ಶೇಂಗಾ ಚಟ್ನಿಪುಡಿ ಹಚ್ಚಿ ತಿಂದರು. ಮೂಗಿನಿಂದ ನೀರಿಳಿಯಿತು, ಬಿಸಿಗೋ ಖಾ‌ರಕ್ಕೋ. ಇನ್ನೊಂದು ತುಂಡು ತೆಗೆದುಕೊಂಡರು. ಬಗ್ಗಿ ಬಾಚಣಿಗೆಯನ್ನು ಬಹಳ ಹೊತ್ತು ನೋಡಿ, ಗಿರಿಜಾಳಿಗೆ ಉದ್ದವಾಗಿ ಏನೋ ಹೇಳಿದರು. ನಾನು ಆ ಊರಿನಲ್ಲಿ ಕೇಳಿದ ಅತಿ ಉದ್ದದ ಮಾತು ಅದು. ಗಿರಿಜಾ ಕಣ್ಣು ಒರೆಸಿಕೊಂಡಳು.

"ಏನಂದ್ರು?"

"ಬಾಚಣಿಗಿ ಬದಲು ಮಾಡಬೇಕಂತ. ಹೆಂಗ ಅಂತ ಕೂಡಿ ನೋಡೂಣು ಅಂದ್ರು. ಬಿಲ್ಲಿ ಅವರ ಮಾಡಿಸಿ ಕೊಡ್ತಾರಂತ. ಒಪ್ಪ್ಯಾರವ್ವ!"

ಅಷ್ಟರಲ್ಲಿ ಬೋಳುತಲೆಯವರೂ ಏನೋ ಕೇಳಿದರು. ಗಿರಿಜಾಳಿಗೆ ಅಳುವಿನ ನಡುವೆಯೇ ನಗು ಬಂತು.

"ಈಗ ಟೈ ತೆಗೀಬಹುದೇನು ಅಂತ ನಿನ್ನ ಕೇಳಾಕತ್ತಾರ."

"ಟೈ ಅಷ್ಟ ಅಂತ ಹೇಳು" ಎಂದೆ.

ಮತ್ತೆ ಕುರುಗೋಡು

ಹೊಸ ಬಿಲ್ಲೆಗಳು ಬಂದು ಎರಡು ತಾಲ್ಲೂಕಿನ ಕೆಲವು ಮನೆಗಳಿಗೆ ಕೂತವು. ಬಾಚಣಿಗೆಯ ಹಲ್ಲು ಈಗ ಉದ್ದ, ಸಂದಿಯೂ ಅಗಲ. ಏಪ್ರಿಲ್‌ನಲ್ಲಿ ದೀಪ ಹುಳಕ್ಕಿಂತ ದೊಡ್ಡದು, ಹೆಡ್‌ಲೈಟಿಗಿಂತ ಚಿಕ್ಕದು. ಅದನ್ನು ನೋಡಲು ಐನೊ ಬಂದದ್ದು ನಿಮಗೆ ನೆನಪಿದೆ. ನೀವು ನೋಡದೆ ಇದ್ದದ್ದನ್ನು ಹೇಳುತ್ತೇನೆ.

ಕಾರಿನ ಬಾಗಿಲು ತೆರೆದಾಗ ಬಿಸಿಗಾಳಿ ಹೊಡೆಯಿತು. ಡ್ರೈವರ್ ಮುಖ ಮುಚ್ಚಿಕೊಂಡ. ಐನೊ ಮಾತ್ರ ಅಲ್ಲೇ ನಿಂತು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು ನಕ್ಕರು. ಏಪ್ರಿಲ್‌ನಲ್ಲಿ ಈ ಊರಿಗೆ ಬಂದು ಸಂತೋಷಪಟ್ಟ ಮೊದಲ ಮನುಷ್ಯರು ಅವರು.

ಅವತ್ತು ಅಮಾವಾಸ್ಯೆ. ಬಸಮ್ಮ ಕೆಮ್ಮಣ್ಣು ಕಲಸಿ ಕೂತಿದ್ದಳು. "ಬರ್ರಿ, ನೀವೂ ಒಂದು ಕೈ ಹಾಕ್ರಿ" ಎಂದು ಕನ್ನಡದಲ್ಲೇ ಕರೆದಳು. ಐನೊ ತೋಳು ಮಡಚಿ ಕೂತರು. ಒಲೆಯ ಬಾಯಿ ಸಾರಿಸಿದರು, ಬದಿ ಸಾರಿಸಿದರು, ಆಮೇಲೆ ಇದೂ ಇಲ್ಲಿಯ ಪದ್ಧತಿಯೇನೋ ಎಂಬಂತೆ ಬಹಳ ಜೋಪಾನವಾಗಿ ಬಾಚಣಿಗೆಯ ಸಂದಿಗಳಿಗೆ ಮಣ್ಣು ತುಂಬಿ ನುಣ್ಣಗೆ ಮಾಡತೊಡಗಿದರು.

"ಅಕ್ಕಾ, ಹೇಳಬಾರದೇನು!" ಎಂದು ಬಸಮ್ಮ ನನ್ನನ್ನು ತಿವಿದಳು.

"ಇರಲಿ ಬಿಡು, ಗಿರಿಜಾ ಬರಲಿ" ಎಂದೆ.

ಸಂಜೆ ಒಲೆ ಹೊತ್ತಿಸಿದೆವು. ದೀಪ ಹೊತ್ತಲಿಲ್ಲ. ಕಾಲೇಜು ಮುಗಿಸಿ ಬಂದ ಗಿರಿಜಾ ಬಾಚಣಿಗೆ ನೋಡಿದವಳೇ ನನ್ನ ಮೇಲೆ ಹರಿಹಾಯ್ದಳು. "ಅವ್ವಾ! ಮತ್ತ ಮೂಗು ಮುಚ್ಚೀದೇನು!"

ನಾನು ಐನೊ ಅವರ ಕೈ ತೋರಿಸಿದೆ. ಮೊಣಕೈವರೆಗೆ ಕೆಮ್ಮಣ್ಣು.

ಐನೊ ತಮ್ಮ ಕೈ ನೋಡಿಕೊಂಡರು, ಒಲೆ ನೋಡಿದರು, ಆರಿದ ದೀಪ ನೋಡಿದರು. ನಿಧಾನವಾಗಿ ಎದ್ದು ನಿಂತು, ನನ್ನನ್ನೇ ನೋಡುತ್ತಾ, ಮಣ್ಣಿನ ಕೈಯನ್ನು ಹಿಂದಕ್ಕೆ ಇಟ್ಟು ಮುಷ್ಟಿ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ತೋರಿಸಿದರು.

ಇಲ್ಲ, ಅಷ್ಟೂ ಇಲ್ಲ ಎಂದು ನಾನು ತಲೆಯಾಡಿಸಿದೆ. ಆಮೇಲೆ ಅವರಿಗೊಂದು ಕಡ್ಡಿ ಕೊಟ್ಟು ನಾನೊಂದು ಹಿಡಿದೆ. ಇಬ್ಬರೂ ಒಲೆಯ ಮುಂದೆ ಕೂತು ಸುಮ್ಮನೆ ಕೆರೆಯತೊಡಗಿದೆವು.